ಗುಂಡಿಗೆ ಒಣ ಲೇಪ: ಲಾಭವೋ ನಷ್ಟವೋ?

ಎನ್‌ಸಿಸಿ ಕ್ಯಾಂಪಿನಲ್ಲಿ ನನಗೆ .22 ರೈಫಲ್‌ನಿಂದ ಐದು ಗುಂಡು ಹಾರಿಸುವ ಅವಕಾಶ ಸಿಕ್ಕಿತ್ತು. ಎರಡು ಮಾತ್ರ ಟಾರ್ಗೆಟ್‌ಗೆ ತಾಗಿದವು. ಬೆರಳಿಗೆ ಮೇಣದಂಥ ಜಿಡ್ಡು ಅಂಟಿತ್ತು. "ಉಸ್ತಾದ್, ಗುಂಡು ಜಿಡ್ಡಾಗಿದೆ, ಅದಕ್ಕೇ ಗುರಿ ತಪ್ಪಿತು" ಎಂದೆ. ಅವರು ನಕ್ಕು, "ಆ ಜಿಡ್ಡನ್ನು ಕಾರ್ಖಾನೆಯಲ್ಲಿ ಬೇಕೆಂದೇ ಹಾಕಿರುತ್ತಾರೆ" ಎಂದರು. ಪಕ್ಕದಲ್ಲಿದ್ದ ಗೆಳೆಯ, "ವಿದೇಶದಲ್ಲಿ ಗುಂಡಿಗೆ ಒಣ ಪುಡಿ ಲೇಪಿಸುತ್ತಾರೆ, ಆಗ ಗುರಿ ತಪ್ಪುವುದೇ ಇಲ್ಲ" ಎಂದ. ಇದು ನಿಜವೇ? ಕಾಮರ್ಸ್ ವಿದ್ಯಾರ್ಥಿಯಾದ ನಾನು ಇದನ್ನು ಲಾಭ-ನಷ್ಟದ ಖಾತೆಯ ಹಾಗೆ ಬರೆದು ನೋಡಿದೆ.

ಒಣ ಲೇಪ ಎಂದರೇನು?

ನಮ್ಮ ಅಬ್ಬಾ ಅಂಗಡಿಯ ಬೀಗಕ್ಕೆ ಎಣ್ಣೆ ಬಿಡುವುದಿಲ್ಲ. ಎಣ್ಣೆಗೆ ಧೂಳು ಅಂಟಿ ಬೀಗ ಇನ್ನಷ್ಟು ಬಿಗಿಯಾಗುತ್ತದೆ. ಅವರು ಪೆನ್ಸಿಲ್ ಕಡ್ಡಿಯ ಪುಡಿ ಹಾಕುತ್ತಾರೆ. ಪೆನ್ಸಿಲ್ ಕಡ್ಡಿಯಲ್ಲಿರುವುದು ಗ್ರಾಫೈಟ್. ಅದರ ಪದರಗಳು ಇಸ್ಪೀಟ್ ಎಲೆಗಳಂತೆ ಒಂದರ ಮೇಲೊಂದು ಜಾರುತ್ತವೆ. ಮಾಲಿಬ್ಡಿನಮ್ ಡೈಸಲ್ಫೈಡ್ ಎಂಬ ಕಪ್ಪು ಪುಡಿಯ ಗುಣವೂ ಇದೇ. ಶೂಟರ್‌ಗಳು ಇದನ್ನು 'ಮಾಲಿ' ಎನ್ನುತ್ತಾರೆ. ಟಂಗ್‌ಸ್ಟನ್ ಡೈಸಲ್ಫೈಡ್ ಮತ್ತು ಬಿಳಿ ಬಣ್ಣದ ಬೋರಾನ್ ನೈಟ್ರೈಡ್ ಕೂಡ ಬಳಕೆಯಲ್ಲಿವೆ.

.22 ಗುಂಡು ಮೆತ್ತನೆಯ ಸೀಸದ್ದು. ಮೇಣ ಅಥವಾ ಗ್ರೀಸ್ ಇಲ್ಲದಿದ್ದರೆ ಸೀಸ ಬ್ಯಾರೆಲ್ ಒಳಗೆ ಅಂಟಿಕೊಳ್ಳುತ್ತದೆ. ದೊಡ್ಡ ರೈಫಲ್‌ಗಳ ವೇಗ ಹೆಚ್ಚು, ಆದ್ದರಿಂದ ಅವುಗಳ ಗುಂಡಿಗೆ ತಾಮ್ರದ ಹೊದಿಕೆ ಇರುತ್ತದೆ. ಆ ತಾಮ್ರವೂ ಬ್ಯಾರೆಲ್‌ನಲ್ಲಿ ಸ್ವಲ್ಪ ಸ್ವಲ್ಪವೇ ಉಳಿಯುತ್ತದೆ. ಇದನ್ನು ತಡೆಯಲೆಂದು 1990ರ ದಶಕದಲ್ಲಿ ಅಮೆರಿಕದ ಸ್ಪರ್ಧಾ ಶೂಟರ್‌ಗಳಲ್ಲಿ ಮಾಲಿ ಲೇಪದ ಅಲೆಯೇ ಎದ್ದಿತು. ನಂತರ ಅನೇಕರು ಅದನ್ನು ಬಿಟ್ಟರು. ಯಾಕೆ?

ಲಾಭದ ಬದಿ

ಬ್ಯಾರೆಲ್‌ನಲ್ಲಿ ತಾಮ್ರ ಕಡಿಮೆ ಅಂಟುತ್ತದೆ. ಒಂದು ಸಲ ಸ್ವಚ್ಛ ಮಾಡಿದರೆ ಹೆಚ್ಚು ಗುಂಡು ಹಾರಿಸಬಹುದು. ನಡುವೆ ಸ್ವಚ್ಛ ಮಾಡಲು ಬಿಡುವಿಲ್ಲದ ದೀರ್ಘ ಸ್ಪರ್ಧೆಯಲ್ಲಿ ಇದು ನಿಜವಾದ ಲಾಭ.

ಖರ್ಚಿನ ಬದಿ

ಮೊದಲನೆಯದು ವೇಗ. ಜಾರುವ ಗುಂಡು ಹೆಚ್ಚು ವೇಗವಾಗಿ ಹೋಗುತ್ತದೆ ಎಂದು ನಾನು ತಿಳಿದಿದ್ದೆ. ಆಗುವುದು ತಿರುಗುಮುರುಗು. ಅಡ್ಡಿ ಕಡಿಮೆಯಾದಾಗ ಗುಂಡಿನ ಹಿಂದೆ ಒತ್ತಡವೂ ಕಡಿಮೆ ಏಳುತ್ತದೆ, ಅಷ್ಟೇ ಮದ್ದಿಗೆ ವೇಗ ಇಳಿಯುತ್ತದೆ. ಹಳೆಯ ವೇಗ ಬೇಕೆಂದರೆ ಮದ್ದು ಹೆಚ್ಚು ಬೇಕು.

ಎರಡನೆಯದು ಬ್ಯಾರೆಲ್ ಆಯುಷ್ಯ. ಬ್ಯಾರೆಲ್ ಬೇಗ ಹಾಳಾಗುವುದು ಮುಖ್ಯವಾಗಿ ಉಜ್ಜಾಟದಿಂದಲ್ಲ. ಮದ್ದಿನ ಬಿಸಿ ಅನಿಲ ಬ್ಯಾರೆಲ್‌ನ ಆರಂಭದ ಭಾಗವನ್ನು ಸುಟ್ಟು ಸವೆಸುತ್ತದೆ. ಲೇಪ ಆ ಬೆಂಕಿಯನ್ನು ಆರಿಸುವುದಿಲ್ಲ. ಮದ್ದು ಹೆಚ್ಚಿಸಿದರೆ ಬಂದ ಅಲ್ಪ ಲಾಭವೂ ಕರಗುತ್ತದೆ.

ಮೂರನೆಯದು ನಿರ್ವಹಣೆ. ಸ್ವಚ್ಛ ಮಾಡಿದ ಬ್ಯಾರೆಲ್‌ಗೆ ಲೇಪ ಹಿಡಿಯುವವರೆಗೆ ಮೊದಲ ಕೆಲವು ಗುಂಡುಗಳು ಬೇರೆ ಕಡೆ ಬೀಳಬಹುದು. ಲೇಪವಿರುವ ಗುಂಡು, ಇಲ್ಲದ ಗುಂಡು ಬೆರೆಸಿದರೆ ಗುರಿ ಸ್ಥಿರವಾಗಿರುವುದಿಲ್ಲ. ಮಾಲಿಯಲ್ಲಿ ಗಂಧಕವಿದೆ. ಬ್ಯಾರೆಲ್‌ನಲ್ಲಿ ಉಳಿದು ತೇವ ತಾಗಿದರೆ ಆಮ್ಲವಾಗಿ ತುಕ್ಕಿಗೆ ದಾರಿಯಾಗಬಹುದು. ಕೈ ಕಪ್ಪಾಗುವುದು, ಲೇಪಿಸಲು ಹೋಗುವ ಸಮಯ, ಇವೂ ಖರ್ಚೇ. ಅರ್ಥಶಾಸ್ತ್ರದಲ್ಲಿ ಓದಿದ ಅವಕಾಶ ವೆಚ್ಚ ಇದೇ: ಆ ಸಮಯದಲ್ಲಿ ಅಭ್ಯಾಸ ಮಾಡಬಹುದಿತ್ತು.

ನನ್ನ ತೀರ್ಮಾನ

ಒಂದೇ ಸ್ಪರ್ಧೆಯಲ್ಲಿ ಹತ್ತಾರು ಗುಂಡು ಹಾರಿಸುವ, ಪ್ರತಿ ಸಲವೂ ಒಂದೇ ಕ್ರಮ ಪಾಲಿಸುವ ಅನುಭವಿಗೆ ಲೇಪದಿಂದ ಸ್ವಲ್ಪ ಪ್ರಯೋಜನವಿದೆ. ಉಳಿದವರಿಗೆ ಖರ್ಚಿನ ಬದಿಯೇ ಭಾರ. ಲೇಪ ಬ್ಯಾರೆಲ್ ಒಳಗಿನ ಕೊಳೆ ಕಡಿಮೆ ಮಾಡುತ್ತದೆ, ಗುರಿಯನ್ನು ಕಲಿಸುವುದಿಲ್ಲ. ನಮ್ಮಂಥ ಕೆಡೆಟ್‌ಗಳಿಗಂತೂ ಈ ಪ್ರಶ್ನೆಯೇ ಏಳುವುದಿಲ್ಲ. .22 ಗುಂಡಿಗೆ ಬೇಕಾದ ಜಿಡ್ಡು ಮೊದಲೇ ಇದೆ. ಕ್ಯಾಂಪಿನಲ್ಲಿ ಖಾಲಿ ಖೋಖಾವನ್ನೂ ಎಣಿಸಿ ಹಿಂತಿರುಗಿಸಬೇಕು, ಗುಂಡಿನ ಮೇಲೆ ಪ್ರಯೋಗ ಮಾಡುವ ಮಾತೇ ಇಲ್ಲ.

ಈ ಲೆಕ್ಕವನ್ನು ಅಬ್ಬಾಗೆ ತೋರಿಸಿದೆ. ಅವರು ಕೇಳಿದ್ದು ಒಂದೇ ಮಾತು: "ಉಳಿದ ಮೂರು ಗುಂಡು ಯಾಕೆ ತಪ್ಪಿದವು?" ನಿಜ ಹೇಳಿದೆ. ಟ್ರಿಗರ್ ಒತ್ತುವಾಗ ನಾನು ಕಣ್ಣು ಮುಚ್ಚಿದ್ದೆ. ಆ ತಪ್ಪಿಗೆ ಯಾವ ಪುಡಿಯೂ ಇಲ್ಲ. ಮುಂದಿನ ಫೈರಿಂಗ್‌ಗೆ ಮೊದಲು ಉಸಿರು ಹಿಡಿದು, ಕಣ್ಣು ತೆರೆದು, ಖಾಲಿ ರೈಫಲ್‌ನಲ್ಲಿ ಅಭ್ಯಾಸ ಮಾಡಿಸಿ ಎಂದು ಉಸ್ತಾದರನ್ನು ಕೇಳಿಕೊಂಡಿದ್ದೇನೆ. ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.