ಆಕ್ಸಿಲರೇಟರ್ ಒತ್ತಿದರೆ ಚೈನ್ ಗರಗಸ ಆಫ್ ಆಗುತ್ತದೆಯೇ?

ಐಡಲ್‌ನಲ್ಲಿ ಚೆನ್ನಾಗಿ ಓಡುವ ಮಷಿನ್ ಆಕ್ಸಿಲರೇಟರ್ ಒತ್ತಿದೊಡನೆ ಆಫ್ ಆಗುತ್ತದೆ ಎಂದಿದ್ದೀರಿ. ಎಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲ ಎಂದೇ ಬಹುತೇಕ ಅರ್ಥ. ಆದರೆ ಕೂಡಲೇ ಸ್ಕ್ರೂಡ್ರೈವರ್ ಹಿಡಿಯಬೇಡಿ. ಕಳೆದ ಸಲದ ಮರಗಸಿಯಿಂದ ಟ್ಯಾಂಕಿನಲ್ಲೇ ಉಳಿದ ಪೆಟ್ರೋಲನ್ನು ತೆಗೆದುಬಿಡಿ. ಅದರಲ್ಲಿರುವ ಎಥೆನಾಲ್ ಮಳೆಗಾಲದ ತೇವವನ್ನೆಲ್ಲ ಹೀರಿಕೊಂಡಿರುತ್ತದೆ. ಏರ್ ಫಿಲ್ಟರ್ ತೊಳೆದು ಒಣಗಿಸಿ, ಟ್ಯಾಂಕಿನೊಳಗಿನ ಫಿಲ್ಟರ್ ಬದಲಿಸಿ.

ಆಮೇಲೆ ಕಾರ್ಬುರೇಟರ್‌ನ ‘ಎಲ್’ ಸ್ಕ್ರೂ. ಎಂಜಿನ್ ಐದು ನಿಮಿಷ ಬಿಸಿಯಾದ ಮೇಲೆ ಅದನ್ನು ಎಡಕ್ಕೆ ಕೂದಲೆಳೆಯಷ್ಟು ತಿರುಗಿಸಿ, ಆಕ್ಸಿಲರೇಟರ್ ಒತ್ತಿ ನೋಡಿ. ತಡವರಿಸದೆ ಎದ್ದರೆ ಅಲ್ಲಿಗೇ ಬಿಡಿ. ಐಡಲ್‌ನಲ್ಲಿ ಚೈನ್ ತಿರುಗುತ್ತಿದ್ದರೆ ಐಡಲ್ ಸ್ಕ್ರೂ ಎಡಕ್ಕೆ ಸಡಿಲಿಸಿ, ಚೈನ್ ಪೂರ್ತಿ ನಿಲ್ಲಲೇಬೇಕು.

‘ಎಚ್’ ಸ್ಕ್ರೂವನ್ನು ಮಾತ್ರ ಬಿಗಿ ಮಾಡಬೇಡಿ. ಕೀರಲು ದನಿಯಲ್ಲಿ ಜೋರಾಗಿ ಓಡುವುದು ಶಕ್ತಿಯಂತೆ ಕೇಳಿಸುತ್ತದೆ; ನಿಜಕ್ಕೂ ಪೆಟ್ರೋಲಿನ ಜೊತೆ ಆಯಿಲೂ ಕಡಿಮೆಯಾಗಿ ಪಿಸ್ಟನ್ ಜಾಮ್ ಆಗುತ್ತದೆ. ಹಾಗೆ ಗೀರುಬಿದ್ದ ಪಿಸ್ಟನ್‌ಗಳನ್ನು ಎಷ್ಟೋ ಬಿಚ್ಚಿದ್ದೇನೆ.

ಇಷ್ಟಾದರೂ ಸರಿಹೋಗದಿದ್ದರೆ ಕಾರ್ಬುರೇಟರ್‌ನ ಡಯಾಫ್ರಮ್ ಗಟ್ಟಿಯಾಗಿರಬಹುದು. ರಿಪೇರಿ ಕಿಟ್ ತಂದು ಹಾಕಿಸಿ.