ಫಲಾನುಭವಿಗಳ ಪಟ್ಟಿಯಲ್ಲಿ ಅಲ್ಪವಿರಾಮ ಮತ್ತು ಉದ್ಧರಣ ಚಿಹ್ನೆ: ಸದಸ್ಯರು ಗಮನಿಸಬೇಕಾದ ಅಂಶಗಳು



ಗ್ರಾಮ ಸಭೆಯಲ್ಲಿ ಆಯ್ಕೆಯಾದ ಫಲಾನುಭವಿಗಳ ಪಟ್ಟಿಯನ್ನು ಒಂದು ತಂತ್ರಾಂಶದಿಂದ ಮತ್ತೊಂದಕ್ಕೆ ವರ್ಗಾಯಿಸಲು ಸಿಎಸ್‌ವಿ ಕಡತವನ್ನು ಬಳಸುವುದುಂಟು. ಇದು ಗೆರೆ ಎಳೆಯದ ವಹಿ ಇದ್ದಂತೆ. ಪ್ರತಿ ಸಾಲೂ ಒಬ್ಬ ಫಲಾನುಭವಿಯದು. ಒಂದು ಕಾಲಂ ಮುಗಿದು ಮುಂದಿನದು ಆರಂಭವಾಯಿತೆಂಬುದನ್ನು ಅಲ್ಪವಿರಾಮವೊಂದೇ ಸೂಚಿಸುತ್ತದೆ.

ತೊಡಕು ಎಲ್ಲಿದೆ?

ನಾವು ವಿಳಾಸದಲ್ಲಿಯೂ ಮೊತ್ತದಲ್ಲಿಯೂ ಅಲ್ಪವಿರಾಮ ಬರೆಯುತ್ತೇವೆ. ಪ್ರಧಾನ ಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಅಡಿ ಬಯಲು ಪ್ರದೇಶದ ಮನೆಗೆ ನಿಗದಿಯಾದ 1,20,000 ರೂ. ನೆರವನ್ನೇ ಉದಾಹರಣೆಯಾಗಿ ನೋಡೋಣ. ಕ್ರಮ ಸಂಖ್ಯೆ, ಹೆಸರು, ವಿಳಾಸ, ಮೊತ್ತ ಎಂಬ 4 ಕಾಲಂಗಳ ಪಟ್ಟಿಯಲ್ಲಿ ಹೀಗೆ ನಮೂದಾಗಿದೆ ಎಂದು ಭಾವಿಸಿ:

12,ಲಕ್ಷ್ಮಮ್ಮ,ಗಾವಡಗೆರೆ, ಹುಣಸೂರು ತಾಲ್ಲೂಕು,1,20,000

ಗಣಕಯಂತ್ರವು ಇದನ್ನು 7 ಕಾಲಂಗಳೆಂದು ಎಣಿಸುತ್ತದೆ. ಮೊತ್ತದ ಸ್ಥಾನದಲ್ಲಿ ‘ಹುಣಸೂರು ತಾಲ್ಲೂಕು’ ಬರುತ್ತದೆ. ಹಣವು 1, 20, 000 ಎಂದು ಮೂರು ತುಂಡಾಗುತ್ತದೆ. ಸಾಲು ತಿರಸ್ಕೃತವಾಗಬಹುದು ಅಥವಾ ತಪ್ಪಾಗಿಯೇ ದಾಖಲಾಗಬಹುದು. ಸಭೆಯ ನಡವಳಿಯಲ್ಲಿ ಹೆಸರಿದ್ದರೂ ಆ ತಾಯಿ ನೆರವಿಗಾಗಿ ಕಚೇರಿಗೆ ಅಲೆಯಬೇಕಾಗುತ್ತದೆ.

ಸರಿಯಾದ ಕ್ರಮ

12,ಲಕ್ಷ್ಮಮ್ಮ,"ಗಾವಡಗೆರೆ, ಹುಣಸೂರು ತಾಲ್ಲೂಕು",120000

2005ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 4180 ಎಂಬ ದಾಖಲೆಯು ಈ ಪದ್ಧತಿಯನ್ನು ವಿವರಿಸಿದೆ. ಪಾಲಿಸಬೇಕಾದ ನಿಯಮಗಳು ಇಷ್ಟು:

1. ಅಲ್ಪವಿರಾಮವಿರುವ ವಿವರವನ್ನು ಜೋಡಿ ಉದ್ಧರಣ ಚಿಹ್ನೆಗಳ ನಡುವೆ ಇಡಬೇಕು. ಆಗ ಒಳಗಿನ ಅಲ್ಪವಿರಾಮವು ಕಾಲಂ ಅನ್ನು ಒಡೆಯುವುದಿಲ್ಲ.

2. ವಿವರದೊಳಗೇ ಉದ್ಧರಣ ಚಿಹ್ನೆ ಇದ್ದಲ್ಲಿ ಅದನ್ನು ಎರಡು ಬಾರಿ ಬರೆಯಬೇಕು: "ಮನೆ ಹೆಸರು ""ಶ್ರೀನಿಲಯ"", ಗಾವಡಗೆರೆ".

3. ಕಾಲಂ ಬೇರ್ಪಡಿಸುವ ಅಲ್ಪವಿರಾಮಕ್ಕೂ ಉದ್ಧರಣ ಚಿಹ್ನೆಗೂ ನಡುವೆ ಖಾಲಿ ಜಾಗ ಬಿಡಬಾರದು.

4. ಪತ್ರ ಬೆರಳಚ್ಚಿಸುವ ತಂತ್ರಾಂಶಗಳು ತಾವಾಗಿಯೇ ಹಾಕುವ ಬಾಗಿದ ಉದ್ಧರಣ ಚಿಹ್ನೆಗಳು ಇಲ್ಲಿ ಸಲ್ಲವು. ನೇರ ಚಿಹ್ನೆಗಳನ್ನೇ ಬಳಸಬೇಕು.

5. ಮೊತ್ತವನ್ನು ಅಲ್ಪವಿರಾಮವಿಲ್ಲದೆ, 120000 ಎಂದೇ ನಮೂದಿಸುವುದು ಕ್ಷೇಮ.

ಸದಸ್ಯರ ಪಾತ್ರ

ಕಡತವನ್ನು ಸಿದ್ಧಪಡಿಸುವುದು ಕಚೇರಿಯ ಕೆಲಸ. ಆದರೆ ಕಳುಹಿಸುವ ಮುನ್ನ ಮುದ್ರಿತ ಪ್ರತಿಯನ್ನು ಕೇಳಿ ಪಡೆದು ಮೂರು ಅಂಶಗಳನ್ನು ತಾಳೆ ನೋಡಬಹುದು: ಫಲಾನುಭವಿಗಳ ಸಂಖ್ಯೆ ನಡವಳಿಯೊಂದಿಗೆ ಹೊಂದುತ್ತದೆಯೇ? ಪ್ರತಿ ಸಾಲಿನಲ್ಲೂ ಕಾಲಂಗಳು ಸಮನಾಗಿವೆಯೇ? ಮೊತ್ತದ ಕಾಲಂನಲ್ಲಿ ಅಂಕಿಗಳು ಮಾತ್ರ ಇವೆಯೇ? ಕಳುಹಿಸಿದ ನಂತರ, ಸ್ವೀಕೃತವಾದ ಸಾಲುಗಳೆಷ್ಟು ಎಂದೂ ವಿಚಾರಿಸಬೇಕು. 40 ಹೆಸರು ಕಳುಹಿಸಿ 39 ಸ್ವೀಕೃತವಾಗಿದ್ದರೆ, ಬಿಟ್ಟುಹೋದ ಆ ಒಬ್ಬರು ಯಾರೆಂದು ಅಂದೇ ಗುರುತಿಸಿ ಸರಿಪಡಿಸಿದರೆ, ಸಭೆಯ ತೀರ್ಮಾನವು ಅರ್ಹರ ಮನೆಯನ್ನು ತಲುಪುತ್ತದೆ.