ರಂಗರಸಿಕರ ಸಲ್ಲಾಪ

ನಮ್ಮ ಪ್ರಾಚೀನ ಆಲಂಕಾರಿಕರು ಕಾವ್ಯವನ್ನು ಶ್ರವ್ಯವೆಂದೂ ದೃಶ್ಯವೆಂದೂ ಎರಡಾಗಿ ವಿಂಗಡಿಸಿದರು. ಶ್ರವ್ಯಕಾವ್ಯಕ್ಕೆ ಓಲೆಗರಿಯ ಆಶ್ರಯವುಂಟು. ಪಂಪನು ಕ್ರಿ. ಶ. 941ರ ಸುಮಾರಿಗೆ ರಚಿಸಿದ ಕಾವ್ಯವನ್ನು ನಾವು ಇಂದಿಗೂ ತರಗತಿಯಲ್ಲಿ ಪಾಠ ಹೇಳುತ್ತಿದ್ದೇವೆ. ದೃಶ್ಯಕಾವ್ಯದ ಗತಿ ಹಾಗಲ್ಲ. ನಾಟಕದ ಮಾತು ಗ್ರಂಥದಲ್ಲಿ ಉಳಿದೀತು. ಆದರೆ ನಟನ ಕಣ್ಣಿನ ಹೊರಳು, ಕಂಠದ ಏರಿಳಿತ, ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಅವನು ತಾಳಿದ ಮೌನ, ಇವೆಲ್ಲ ಪರದೆ ಬಿದ್ದೊಡನೆ ಅಳಿದುಹೋಗುತ್ತವೆ. ಅವು ಉಳಿಯುವ ಸ್ಥಳ ಒಂದೇ: ನೋಡಿದವರ ನೆನಪು. ಆ ನೆನಪು ಹೊರಗೆ ಬರುವ ದಾರಿಯೂ ಒಂದೇ: ರಸಿಕರು ನಾಲ್ಕು ಮಂದಿ ಕೂಡಿ ಸಲಿಗೆಯಿಂದ ಆಡುವ ಮಾತು.

ಇಂಥ ಮಾತನ್ನು ಲೋಕವು ಹರಟೆಯೆಂದು ಕರೆಯುತ್ತದೆ. ಹಳೆಯ ನಾಟಕ, ಹಳೆಯ ಚಲನಚಿತ್ರಗಳ ವಿಷಯವಾಗಿ ಗಂಟೆಗಟ್ಟಲೆ ಮಾತಾಡುವವರನ್ನು ಕೆಲಸವಿಲ್ಲದವರೆಂದು ಎಣಿಸುವವರೂ ಇದ್ದಾರೆ. ಉಪಾಧ್ಯಾಯನಾಗಿ ನಾನೂ ಒಂದು ಕಾಲದಲ್ಲಿ ಹಾಗೆಯೇ ಎಣಿಸಿದ್ದೆ. ಆ ಎಣಿಕೆ ತಪ್ಪೆಂಬುದನ್ನೂ, ಈ ಸಲ್ಲಾಪವು ಒಂದು ಬಗೆಯ ವ್ಯಾಖ್ಯಾನವೆಂಬುದನ್ನೂ, ಅದನ್ನು ಬರೆದಿಡುವ ಹೊಣೆ ನಮ್ಮಂಥ ವಿದ್ಯಾಸಂಸ್ಥೆಗಳ ಮೇಲಿದೆಯೆಂಬುದನ್ನೂ ನಿವೇದಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಶಾಸ್ತ್ರವನ್ನು ನೋಡೋಣ. ಭರತಮುನಿಯು ನಾಟ್ಯಶಾಸ್ತ್ರದ ಸಿದ್ಧಿಪ್ರಕರಣದಲ್ಲಿ ಪ್ರಾಶ್ನಿಕರ ವಿಷಯವನ್ನು ಹೇಳುತ್ತಾನೆ. ಪ್ರಯೋಗದಲ್ಲಿ ವಿವಾದವುಂಟಾದರೆ ತೀರ್ಮಾನ ಹೇಳಬೇಕಾದವರು ಇವರು. ಯಜ್ಞವನ್ನು ಬಲ್ಲವನು, ನರ್ತಕ, ಛಂದಸ್ಸನ್ನು ಬಲ್ಲವನು, ವೈಯಾಕರಣ, ರಾಜ, ಬಿಲ್ಲುವಿದ್ಯೆಯವನು, ಚಿತ್ರಕಾರ, ಗಣಿಕೆ, ಗಾಯಕ, ರಾಜಸೇವಕ, ಹೀಗೆ ಹತ್ತು ಬಗೆಯವರನ್ನು ಆತ ಎಣಿಸಿದ್ದಾನೆ. ರಂಗದ ಮೇಲೆ ಯಜ್ಞ ನಡೆದರೆ ಅದರ ಸರಿತಪ್ಪನ್ನು ಯಜ್ಞವಿದನು ಹೇಳಬೇಕು. ಬಾಣ ಹೂಡಿದ ಭಂಗಿಯನ್ನು ಬಿಲ್ಲುಗಾರನು ಹೇಳಬೇಕು. ಸ್ವರತಾಳಗಳನ್ನು ಗಾಯಕನು ಹೇಳಬೇಕು. ಎಲ್ಲ ಗುಣಗಳೂ ಒಬ್ಬನೇ ಪ್ರೇಕ್ಷಕನಲ್ಲಿ ನೆಲೆಸಲಾರವೆಂಬುದನ್ನೂ ಮುನಿಯು ಬಾಯಿಬಿಟ್ಟು ಹೇಳಿದ್ದಾನೆ. ಇದರ ತಾತ್ಪರ್ಯವೇನು? ನಾಟಕವನ್ನು ಪೂರ್ತಿಯಾಗಿ ಕಂಡವನು ಯಾವನೊಬ್ಬನೂ ಅಲ್ಲ. ಹತ್ತು ಮಂದಿ ಕೂಡಿ ಮಾತಾಡಿದಾಗಲೇ ನಾಟಕವು ಪೂರ್ತಿಯಾಗಿ ಕಾಣಿಸಿಕೊಳ್ಳುತ್ತದೆ. ಅಭಿನವಗುಪ್ತನು ವಿವರಿಸಿದ ಸಹೃದಯನು ಏಕಾಂತದಲ್ಲಿ ರಸವನ್ನು ಸವಿಯಬಹುದು. ಸವಿದುದರ ಪರೀಕ್ಷೆಗೆ ಗೋಷ್ಠಿಯೇ ಬೇಕು.

ಶರಣಪರಂಪರೆಗೂ ಈ ಮಾತು ಹೊಸದಲ್ಲ. ವೇಷ ಕಟ್ಟಿ ಆಡುವ ಕಾಯಕದ ಬಹುರೂಪಿ ಚೌಡಯ್ಯನೂ, ನಗಿಸುವುದನ್ನೇ ಕಾಯಕವಾಗಿ ಉಳ್ಳ ನಗೆಯ ಮಾರಿತಂದೆಯೂ ವಚನಕಾರರ ಸಾಲಿನಲ್ಲಿ ಇದ್ದಾರೆ. ಕಲಾವಿದನ ಕಾಯಕವನ್ನು ಹನ್ನೆರಡನೆಯ ಶತಮಾನವು ಕೀಳಾಗಿ ಕಾಣಲಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಇನ್ನೂ ಮುಖ್ಯವಾದುದು ಬೇರೊಂದಿದೆ. ಶರಣರು ಕೂಡಿ ಆಡಿದ ಮಾತು ಗಾಳಿಗೆ ಹೋಗಬಾರದೆಂದು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ವಚನಗಳನ್ನು ಸಂವಾದರೂಪದಲ್ಲಿ ಜೋಡಿಸಿ ಶೂನ್ಯಸಂಪಾದನೆಯನ್ನು ಸಂಕಲಿಸಿದನು. ಅನುಭಾವದ ಮಾತಿಗೂ ನಾಟಕದ ಮಾತಿಗೂ ಅಜಗಜಾಂತರವುಂಟು, ನಿಜ. ಆದರೆ ಆಡಿದ ಮಾತಿಗೆ ಬೆಲೆಯಿದೆಯೆಂದು ಅರಿತು ಅದನ್ನು ಜೋಡಿಸಿಡುವ ಬುದ್ಧಿ ನಮ್ಮ ಪರಂಪರೆಯಲ್ಲಿಯೇ ಇದೆಯೆಂದು ತೋರಿಸುವುದಕ್ಕೆ ಈ ನಿದರ್ಶನ ಸಾಕು.

ಈ ರಸಿಕರ ಮಾತಿನಲ್ಲಿ ಅಡಗಿರುವ ಸರಕು ಎಂಥದು? ಒಂದೆರಡು ಉದಾಹರಣೆಗಳಿಂದ ಇದನ್ನು ವಿಶದಪಡಿಸಬಹುದು.

ಬೇಡರ ಕಣ್ಣಪ್ಪನ ಕಥೆಯನ್ನು ತೆಗೆದುಕೊಳ್ಳೋಣ. ಹರಿಹರನು ಈ ಭಕ್ತನನ್ನು ಕುರಿತು ರಗಳೆಯನ್ನು ರಚಿಸಿದನು. ಅದೇ ಕಥೆ ಕಂಪನಿ ನಾಟಕವಾಗಿ ಊರೂರು ತಿರುಗಿತು. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದಲ್ಲಿ ಚಲನಚಿತ್ರವಾಯಿತು. ಗುಬ್ಬಿ ಕಂಪನಿಯ ಗರಡಿಯಲ್ಲಿ ಪಳಗಿದ ರಾಜಕುಮಾರ್ ಅವರು ನಾಯಕರಾಗಿ ಮೊದಲು ಕಾಣಿಸಿಕೊಂಡದ್ದು ಆ ಚಿತ್ರದಲ್ಲಿಯೇ. ರಗಳೆಯನ್ನು ಓದಿದವನು, ನಾಟಕವನ್ನು ನೋಡಿದವನು, ಚಿತ್ರವನ್ನು ನೋಡಿದವನು, ಈ ಮೂವರು ಒಂದು ಕಟ್ಟೆಯ ಮೇಲೆ ಕುಳಿತರೆ ಸುಮಾರು ಎಂಟು ನೂರು ವರ್ಷಗಳ ಕಥಾಪ್ರವಾಹ ಒಂದು ಸಂಜೆಯಲ್ಲಿ ಕಣ್ಣ ಮುಂದೆ ಹರಿಯುತ್ತದೆ. ಕಣ್ಣನ್ನು ಕಿತ್ತು ಲಿಂಗಕ್ಕೆ ಅರ್ಪಿಸುವ ಪ್ರಸಂಗವನ್ನು ಕವಿಯು ಮಾತಿನ ವೇಗದಿಂದ ಸಾಧಿಸಿದನು. ರಂಗನಟನು ಕೊನೆಯ ಸಾಲಿನವನಿಗೂ ಮುಟ್ಟುವ ಕಂಠದಿಂದ ಸಾಧಿಸಬೇಕು. ಚಿತ್ರನಟನಿಗೆ ಕ್ಯಾಮೆರಾ ಹತ್ತಿರವೇ ಬರುವುದರಿಂದ ಮುಖದ ಒಂದು ನರ ಮಿಡಿದರೂ ಸಾಕು. ಇಂಥ ತಾರತಮ್ಯವನ್ನು ಪಠ್ಯಪುಸ್ತಕವು ಹೇಳಿಕೊಡುವುದಿಲ್ಲ. ರಸಿಕರ ವಾದವು ಹೇಳಿಕೊಡುತ್ತದೆ.

ಭೂಕೈಲಾಸದ ವಿಷಯವೂ ಹಾಗೆಯೇ. ಎಂ.ವಿ. ಸುಬ್ಬಯ್ಯನಾಯ್ಡು ಮತ್ತು ಆರ್. ನಾಗೇಂದ್ರರಾಯರ ಮಂಡಳಿಯು ಆಡುತ್ತಿದ್ದ ಈ ಕನ್ನಡ ನಾಟಕವು 1940ರಲ್ಲಿ ತೆಲುಗು ಚಿತ್ರವಾಯಿತು. ಅದರಲ್ಲಿ ರಾವಣನಾಗಿ ಸುಬ್ಬಯ್ಯನಾಯ್ಡು, ನಾರದನಾಗಿ ನಾಗೇಂದ್ರರಾಯರು ಅಭಿನಯಿಸಿದರು. 1958ರ ಕನ್ನಡ ಚಿತ್ರದಲ್ಲಿ ರಾಜಕುಮಾರ್ ರಾವಣರಾದರು, ಕಲ್ಯಾಣಕುಮಾರ್ ನಾರದರಾದರು. ನಾಟಕದ ರಾವಣ ದೊಡ್ಡವನೋ ಚಿತ್ರದ ರಾವಣ ದೊಡ್ಡವನೋ ಎಂಬ ಜಗಳಕ್ಕೆ ಕೊನೆಯಿಲ್ಲ. ಆ ಜಗಳದ ನಡುವೆಯೇ ಹೊಸಬನು ಎಷ್ಟೋ ಸಂಗತಿಗಳನ್ನು ಕಲಿಯುತ್ತಾನೆ. ನಾಟಕದಲ್ಲಿ ಹಾಡು ಹಿಡಿಸಿದರೆ ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗುತ್ತಿದ್ದರು, ನಟನು ಮತ್ತೊಮ್ಮೆ ಹಾಡುತ್ತಿದ್ದನು. ಎರಡನೆಯ ಬಾರಿ ಹಾಡಿದಾಗ ಅವನು ಮೊದಲಿನಂತೆಯೇ ಹಾಡುತ್ತಿರಲಿಲ್ಲ. ಪ್ರೇಕ್ಷಕನೂ ರಚನೆಯಲ್ಲಿ ಪಾಲುಗಾರನಾಗಿದ್ದ ಕಾಲ ಅದು. ಚಿತ್ರಮಂದಿರದಲ್ಲಿ ಎಷ್ಟು ಕೂಗಿದರೂ ಬೆಳ್ಳಿತೆರೆಯ ನಟನಿಗೆ ಕೇಳಿಸುವುದಿಲ್ಲ.

ಸಲ್ಲಾಪವು ತನ್ನನ್ನು ತಾನೇ ತಿದ್ದಿಕೊಳ್ಳುವ ಬಗೆಯನ್ನು ನಾನು ಒಂದು ಸಂಜೆ ಶ್ರೀಮಠದ ಅಂಗಳದ ಕಟ್ಟೆಯ ಮೇಲೆ ಪ್ರತ್ಯಕ್ಷವಾಗಿ ಕಂಡೆ. ಕಿರಾಣಿ ಅಂಗಡಿಯ ಸಾಹುಕಾರರೊಬ್ಬರು ನಿವೃತ್ತ ಶಿಕ್ಷಕರೊಬ್ಬರನ್ನು ಕೆಣಕಿದರು:

“ಮಾಸ್ತರ್ರ, ಕನ್ನಡದಾಗ ಮೊದಲನೇ ಟಾಕಿ ‘ಸತಿ ಸುಲೋಚನಾ’ ಅಲ್ಲೇನ್ರಿ? ಇದರಾಗ ವಾದ ಮಾಡೂದು ಏನೈತಿ?”

“ಮಂದಿ ಮೊದಲು ನೋಡಿದ್ದು ಅದನ್ನ, ಹೌದ್ರಿ ಸಾಹುಕಾರ್ರ. ಆದ್ರ ಮೊದಲು ತಯಾರ ಮಾಡಾಕ ಹತ್ತಿದ್ದು ‘ಭಕ್ತ ಧ್ರುವ’. ಎರಡರಾಗ ಯಾವುದನ್ನ ಮೊದಲು ಅಂತೀರಿ?”

ಸಾಹುಕಾರರು ಕ್ಷಣಕಾಲ ಸುಮ್ಮನಿದ್ದು, “ಹಂಗಾದ್ರ ಮೊದಲು ಬಿತ್ತಿದವ ಬ್ಯಾರೆ, ಮೊದಲು ರಾಶಿ ಮಾಡಿದವ ಬ್ಯಾರೆ ಅಂದಂಗಾತು” ಎಂದರು.

ಎಷ್ಟು ಸೊಗಸಾದ ನಿರ್ಣಯ! ‘ಮೊದಲು’ ಎಂಬ ಒಂದು ಶಬ್ದಕ್ಕೆ ಎರಡು ಅರ್ಥಗಳಿವೆಯೆಂಬುದನ್ನು ಅವರು ರೈತನ ಭಾಷೆಯಲ್ಲಿ ಬಿಡಿಸಿಟ್ಟರು. ಶಾಲೆಯಲ್ಲಿ ಹೆಚ್ಚು ಓದದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರಾದವರು ಕನ್ನಡನಾಡಿನ ಜನರೆಂದು ಕವಿರಾಜಮಾರ್ಗಕಾರನು ಒಂಬತ್ತನೆಯ ಶತಮಾನದಲ್ಲಿಯೇ ಮೆಚ್ಚಿಕೊಂಡದ್ದು ನನಗೆ ಆಗ ನೆನಪಾಯಿತು.

‘ಸತಿ ಸುಲೋಚನಾ’ ತೆರೆ ಕಂಡದ್ದು 1934ರ ಮಾರ್ಚ್ 3ರಂದು, ಬೆಂಗಳೂರಿನಲ್ಲಿ. ವೈ.ವಿ. ರಾವ್ ಅವರ ನಿರ್ದೇಶನ, ಬೆಳ್ಳಾವೆ ನರಹರಿಶಾಸ್ತ್ರಿಗಳ ಸಾಹಿತ್ಯ. ಸುಬ್ಬಯ್ಯನಾಯ್ಡು ಇಂದ್ರಜಿತು, ತ್ರಿಪುರಾಂಬಾ ಸುಲೋಚನೆ, ನಾಗೇಂದ್ರರಾಯರು ರಾವಣ. ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಇಷ್ಟೆಲ್ಲ ವಿವರ ನಮಗೆ ದೊರೆಯುತ್ತದೆ. ಆದರೆ ಚಿತ್ರ ಮಾತ್ರ ಇಲ್ಲ. ಅದರ ಒಂದು ಪ್ರತಿಯೂ ಉಳಿದು ಬಂದಿಲ್ಲ. ಭಾರತದ ಮೊದಲ ವಾಕ್ಚಿತ್ರವಾದ 1931ರ ‘ಆಲಂ ಆರಾ’ದ ಗತಿಯೂ ಇದೇ. ಆ ಕಾಲದ ನೈಟ್ರೇಟ್ ಫಿಲಂ ಬೇಗನೆ ಕೆಡುವಂಥದು, ಬೆಂಕಿಗೆ ಸುಲಭದ ತುತ್ತು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಸ್ಥಾಪಿತವಾದದ್ದು 1964ರಲ್ಲಿ. ಅಷ್ಟರಲ್ಲಿ ಎಷ್ಟೋ ಚಿತ್ರಗಳು ಅಳಿದುಹೋಗಿದ್ದವು. ನಾಟಕವು ನಶ್ವರ, ಚಲನಚಿತ್ರವು ಶಾಶ್ವತ ಎಂದು ಭಾವಿಸುವವರು ಈ ಸಂಗತಿಯನ್ನು ಮನನಮಾಡಬೇಕು. ಹೀಗೆ ಅಳಿದ ಚಿತ್ರಕ್ಕೂ ಅಳಿದ ನಾಟಕಕ್ಕೂ ಕೊನೆಗೆ ಆಸರೆಯಾದದ್ದು ನೋಡಿದವರ ಮಾತೇ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳದಿದ್ದರೆ ಈ ಲೇಖನ ಪ್ರಾಮಾಣಿಕವಾಗದು. ಸುಮಾರು ಮೂವತ್ತು ವರ್ಷಗಳ ಹಿಂದೆ, ನಾನು ಹೊಸದಾಗಿ ಅಧ್ಯಾಪನಕ್ಕೆ ಸೇರಿದ್ದಾಗ, ಕಂಪನಿಗಳಲ್ಲಿ ಕಾಲು ಹಾರ್ಮೋನಿಯಂ ನುಡಿಸಿದ್ದ ವೃದ್ಧರೊಬ್ಬರು ಸಂಜೆಯ ಹೊತ್ತು ಶ್ರೀಮಠಕ್ಕೆ ಬರುತ್ತಿದ್ದರು. ಒಂದೇ ರಂಗಗೀತೆಯನ್ನು ಬೇರೆ ಬೇರೆ ನಟರು ಹೇಗೆ ಬೇರೆ ಬೇರೆಯಾಗಿ ಎತ್ತಿಕೊಳ್ಳುತ್ತಿದ್ದರೆಂಬುದನ್ನು ಅವರು ಹಾಡಿ ತೋರಿಸುತ್ತಿದ್ದರು. ಯಾರಿಗೆ ಯಾವ ಶ್ರುತಿ, ಎಲ್ಲಿ ಉಸಿರು ಕಳ್ಳತನದಿಂದ ತೆಗೆದುಕೊಳ್ಳುತ್ತಿದ್ದರು, ಕಂಠ ಕೆಟ್ಟ ರಾತ್ರಿ ಹಾರ್ಮೋನಿಯಂ ಹೇಗೆ ಮರ್ಯಾದೆ ಕಾಯುತ್ತಿತ್ತು, ಎಲ್ಲವೂ ಅವರ ಬೆರಳ ತುದಿಯಲ್ಲಿತ್ತು. ಪರೀಕ್ಷೆಗಳು ಮುಗಿಯಲಿ, ರಜೆಯಲ್ಲಿ ಕುಳಿತು ಬರೆದುಕೊಳ್ಳೋಣ ಎಂದುಕೊಂಡೆ. ಆ ಬೇಸಿಗೆಯಲ್ಲಿಯೇ ಅವರು ಲಿಂಗೈಕ್ಯರಾದರು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಉಳಿದಿರುವುದು ಎರಡು ರಾಗಗಳ ಹೆಸರು ಮಾತ್ರ. ಯಾವ ಹಾಡು, ಯಾವ ನಾಟಕ, ಯಾರು ಹಾಡಿದರು ಎಂಬುದನ್ನು ಬರೆಯುವಷ್ಟು ಎಚ್ಚರವೂ ನನಗಿರಲಿಲ್ಲ. ಹಳಗನ್ನಡದ ಒಂದು ಪಾಠಾಂತರಕ್ಕಾಗಿ ದಿನಗಟ್ಟಲೆ ತಲೆ ಕೆಡಿಸಿಕೊಳ್ಳುವ ಪಂಡಿತನು ಎದುರಿಗೆ ಕುಳಿತಿದ್ದ ಜೀವಂತ ಗ್ರಂಥವನ್ನು ತೆರೆಯದೆ ಹೋದನು.

ಹಾಗೆಂದು ಸಲ್ಲಾಪವೆಲ್ಲವೂ ಪ್ರಮಾಣವೆಂದು ತಿಳಿಯಬಾರದು. ಅದಕ್ಕೆ ಮೂರು ದೋಷಗಳುಂಟು. ಮೊದಲನೆಯದು ಅತಿಶಯೋಕ್ತಿ. ಗುಬ್ಬಿ ವೀರಣ್ಣನವರ (1891–1972) ಕಂಪನಿಯು ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದದ್ದು ಪ್ರಸಿದ್ಧವೇ. ಆದರೆ ಮಾತಿನಿಂದ ಮಾತಿಗೆ ಆನೆಗಳ ಸಂಖ್ಯೆ ಏರುತ್ತ ಹೋಗುವುದನ್ನು ಕೇಳಿದವರೆಲ್ಲ ಬಲ್ಲರು. ಎರಡನೆಯದು ಪಕ್ಷಪಾತ: ತಾನು ಮೆಚ್ಚಿದ ನಟನ ಮುಂದೆ ಉಳಿದವರೆಲ್ಲ ಹುಲ್ಲು. ಮೂರನೆಯದು ಹಳೆಯದೆಲ್ಲ ಹೊನ್ನು, ಹೊಸದೆಲ್ಲ ಕಸ ಎಂಬ ಹಟ. ಇವುಗಳ ನಿವಾರಣೆಗೆ ಮದ್ದು ಒಂದೇ, ನಾಲ್ಕು ಜನರ ಮುಂದೆ ಮಾತಾಡಿಸುವುದು. ಒಬ್ಬನ ಅತಿಶಯವನ್ನು ಇನ್ನೊಬ್ಬನ ನೆನಪು ತೂಗಿ ನೋಡುತ್ತದೆ.

ಆದರೆ ಅತಿಶಯದಂತೆ ತೋರುವುದೂ ಕೆಲವೊಮ್ಮೆ ಸತ್ಯವೇ ಆಗಿರುತ್ತದೆ. ಏಣಗಿ ಬಾಳಪ್ಪನವರು (1914–2017) ‘ಜಗಜ್ಯೋತಿ ಬಸವೇಶ್ವರ’ ನಾಟಕದಲ್ಲಿ ಬಸವಣ್ಣನ ಪಾತ್ರದಿಂದ ಉತ್ತರ ಕರ್ನಾಟಕದ ಮನೆಮಾತಾದರು. ಪ್ರೇಕ್ಷಕರು ಅವರನ್ನು ಭಕ್ತಿಯಿಂದಲೇ ಕಾಣುತ್ತಿದ್ದರು. 1959ರ ‘ಜಗಜ್ಯೋತಿ ಬಸವೇಶ್ವರ’ ಚಿತ್ರದಲ್ಲಿ ಹೊನ್ನಪ್ಪ ಭಾಗವತರ್ ಬಸವಣ್ಣನಾಗಿಯೂ ರಾಜಕುಮಾರ್ ಬಿಜ್ಜಳನಾಗಿಯೂ ಅಭಿನಯಿಸಿದರು. ಚಿತ್ರವನ್ನು ಕಂಡವರಿದ್ದಾರೆ. ಬಾಳಪ್ಪನವರನ್ನು ಅವರ ಪ್ರಾಯದಲ್ಲಿ ರಂಗದ ಮೇಲೆ ಕಂಡವರು ಈಗ ಎಷ್ಟು ಮಂದಿ ಉಳಿದಿದ್ದಾರೆ? ಆ ಭಕ್ತಿಗೆ ಕಾರಣವಾದದ್ದು ಕಂಠವೋ, ನಿಲುವೋ, ವಚನವನ್ನು ನುಡಿಯುವ ರೀತಿಯೋ ಎಂಬುದನ್ನು ಅವರಲ್ಲದೆ ಮತ್ತಾರು ಹೇಳಬಲ್ಲರು?

ಮಠಗಳಿಗೂ ರಂಗಭೂಮಿಗೂ ಇರುವ ನಂಟು ದೊಡ್ಡದು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ, ಅನಾಥ ಬಾಲಕರ ಪೋಷಣೆಗಾಗಿ ನಾಟಕ ಸಂಘವನ್ನು ನಡೆಸಿದರು. ಸಿರಿಗೆರೆಯ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು ತಾವೇ ನಾಟಕಗಳನ್ನು ರಚಿಸಿ ಆಡಿಸಿದರು. ಸಾಣೇಹಳ್ಳಿಯ ‘ಶಿವಸಂಚಾರ’ವು 1997ರಿಂದ ನಾಡಿನಾದ್ಯಂತ ನಾಟಕಗಳನ್ನು ಒಯ್ದಿದೆ. ಆಡಿಸುವ ಕೆಲಸವನ್ನು ಗುರುಗಳು ಮಾಡಿ ತೋರಿಸಿದ್ದಾರೆ. ಆಡಿದ್ದನ್ನೂ ಕಂಡದ್ದನ್ನೂ ನೆನಪಿನಿಂದ ಕಾಗದಕ್ಕೆ ಇಳಿಸುವ ಕೆಲಸವು ಶಾಲೆಯದು.

ಅದಕ್ಕಾಗಿ ಒಂದು ಕಾರ್ಯಕ್ರಮವನ್ನು ವಿನಯದಿಂದ ಸೂಚಿಸುತ್ತೇನೆ. ಒಂಬತ್ತನೆಯ ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಯೂ ವರ್ಷಕ್ಕೊಮ್ಮೆ ತನ್ನ ಮನೆಯ ಅಥವಾ ಓಣಿಯ ಹಿರಿಯರೊಬ್ಬರನ್ನು ಕಂಡು ಐದು ಪ್ರಶ್ನೆ ಕೇಳಲಿ: ಏನನ್ನು ನೋಡಿದಿರಿ? ಎಲ್ಲಿ? ಯಾವ ವರ್ಷ? ಯಾರ ಸಂಗಡ? ಮರೆಯಲಾಗದೆ ಉಳಿದದ್ದು ಯಾವುದು? ವರ್ಷ ನೆನಪಿಲ್ಲದಿದ್ದರೆ ಬರಗಾಲ, ಮದುವೆ, ಮಗುವಿನ ಜನನ, ಇಂಥ ಗುರುತಿನಿಂದ ಕಂಡುಕೊಳ್ಳಲಿ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ರಾತ್ರಿಯೆಲ್ಲ ನಾಟಕ ನೋಡಿದವರು ನಮ್ಮ ಸುತ್ತ ಎಷ್ಟಿಲ್ಲ! ಕಣ್ಣಾರೆ ಕಂಡದ್ದನ್ನು ಒಂದು ಪುಟದಲ್ಲಿ, ಕೇಳಿ ತಿಳಿದದ್ದನ್ನು ಇನ್ನೊಂದು ಪುಟದಲ್ಲಿ ಬರೆಯಲಿ. ಇಬ್ಬರ ನೆನಪು ಹೊಂದದಿದ್ದರೆ ಒಂದನ್ನು ಅಳಿಸದೆ, ಗ್ರಂಥಸಂಪಾದಕನು ಪಾಠಾಂತರವನ್ನು ಉಳಿಸುವಂತೆ ಎರಡನ್ನೂ ಉಳಿಸಲಿ. ಸಾಧ್ಯವಾದಲ್ಲಿ ಮೊಬೈಲಿನಲ್ಲಿ ಧ್ವನಿಯನ್ನೂ ಮುದ್ರಿಸಿಕೊಳ್ಳಲಿ. ನನಗೆ ಅಂದು ಇಲ್ಲದ ಅನುಕೂಲ ಇಂದಿನ ಮಕ್ಕಳ ಕೈಯಲ್ಲಿದೆ.

ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಒಂದು ಬಿನ್ನಹ. ತಮ್ಮ ಮನೆಯ ಅಟ್ಟದ ಮೇಲೆ, ಹಳೆಯ ಟ್ರಂಕಿನಲ್ಲಿ ನಾಟಕದ ಕರಪತ್ರ, ಚಿತ್ರದ ಹಾಡಿನ ಪುಸ್ತಕ, ಗ್ರಾಮಫೋನ್ ಪ್ಲೇಟು ಇದ್ದರೆ ರದ್ದಿಗೆ ಹಾಕದೆ ಶಾಲೆಯ ಗ್ರಂಥಾಲಯಕ್ಕೆ ದಯಪಾಲಿಸಬೇಕು. ಅದರ ಸಂಗಡ ಅದನ್ನು ಬಲ್ಲ ಹಿರಿಯರನ್ನೂ ಒಂದು ಸಂಜೆ ಕರೆತಂದರೆ ಕಾಣಿಕೆ ಪೂರ್ಣವಾದಂತೆ. ಕಟ್ಟಡಕ್ಕೆ ಕೊಟ್ಟ ದಾನದಿಂದ ಕೋಣೆಗಳು ಏಳುತ್ತವೆ. ಆ ಕೋಣೆಗಳಲ್ಲಿ ಆಡತಕ್ಕ ಮಾತು ಈ ದಾನದಿಂದ ದೊರೆಯುತ್ತದೆ.

ಶ್ರೀಮಠದ ಅಂಗಳದ ಕಟ್ಟೆ ಈಗಲೂ ಇದೆ. ಸಂಜೆಯಾದರೆ ಈಗಲೂ ನಾಲ್ಕು ಮಂದಿ ಅಲ್ಲಿ ಕೂಡುತ್ತಾರೆ. ಈ ಬಾರಿ ಅವರ ನಡುವೆ ಒಬ್ಬ ಹುಡುಗನು ಪುಸ್ತಕ, ಪೆನ್ಸಿಲು ಹಿಡಿದು ಕುಳಿತಿರಲಿ ಎಂಬುದೇ ನನ್ನ ಪ್ರಾರ್ಥನೆ. ಗುರುಕೃಪೆಯಿಂದ ಅದು ನೆರವೇರಲಿ.